ಹಣೆಯ ಮೇಲಿನ ಗ್ರೀಸು

ಈ ಕಥೆ ಹೇಳುವ ಅಧಿಕಾರ ನಿನಗಿದೆಯೇ ಎಂದು ಯಾರಾದರೂ ಕೇಳಿದರೆ ನಾನು ತಲೆ ತಗ್ಗಿಸಬೇಕಾಗುತ್ತದೆ. ಸೈನ್ಯವನ್ನು ನಾನು ಕಂಡದ್ದು ಸ್ಟೇಶನ್ನಿನಲ್ಲಿ ಕಬ್ಬಿಣದ ಟ್ರಂಕಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದ ಸಿಪಾಯಿಗಳಲ್ಲಿ ಮಾತ್ರ. ಗಾಯ ಕಟ್ಟಲು ನನಗೆ ಬರುವುದಿಲ್ಲ. ರಕ್ತ ಕಂಡರೆ ಕಣ್ಣು ಕತ್ತಲಿಡುತ್ತದೆ. ಆದರೆ ಸಂಗನಬಸವ ಇದನ್ನು ತನ್ನ ಬಾಯಿಂದ ಇಡಿಯಾಗಿ ಯಾರಿಗೂ ಹೇಳಲಾರ ಎಂದು ಮನವರಿಕೆಯಾದ ಮೇಲೆ, ಅರ್ಧಮರ್ಧ ತಿಳಿದವನೇ ಹೇಳಿಬಿಡುವುದು ಸುಮ್ಮನಿರುವುದಕ್ಕಿಂತ ಸಣ್ಣ ತಪ್ಪು ಎನ್ನಿಸಿತು. ಎಡವಿದಲ್ಲಿ ಬಲ್ಲವರು ಮನ್ನಿಸಬೇಕು.

ಗಲ್ಲಕ್ಕೆ ಸಾಬೂನು ಹಚ್ಚಿಕೊಂಡು ಕನ್ನಡಿಯೆದುರು ನಿಂತ ಸಂಗನಬಸವನ ಕಣ್ಣು ಗಲ್ಲ ಬಿಟ್ಟು ಮತ್ತೆ ಮತ್ತೆ ಹಣೆಗೇ ಹೋಗುತ್ತಿತ್ತು. ಸೈನ್ಯದ ವೈದ್ಯಕೀಯ ದಳದಲ್ಲಿ ಹವಾಲ್ದಾರನಾಗಿ ನಿವೃತ್ತಿ ಹೊಂದಿ ಕುಬಿಹಾಳಕ್ಕೆ ಮರಳಿದ ಮೇಲೂ ದಿನಾ ಗಡ್ಡ ಹೆರೆಯುವ ರೂಢಿ ಅವನಿಗೆ ತಪ್ಪಿರಲಿಲ್ಲ. ಹಣೆಯಲ್ಲಿ ಏನೂ ಇರಲಿಲ್ಲ. ಅಡ್ಡ ಸುಕ್ಕುಗಳು, ಟೋಪಿಯ ಅಂಚು ವರ್ಷಗಟ್ಟಲೆ ಒತ್ತಿ ಉಳಿಸಿದ ಒಂದು ಮಾಸಲು ಗೆರೆ. ಅಂಗೈ ಅಗಲವೂ ಇಲ್ಲದ ಈ ಜಾಗದಲ್ಲಿ ಎಷ್ಟು ಬರೆಯಬಹುದು ಎಂದು ಮೊದಲ ಸಲ ನೋಡುವವನಂತೆ ಅವನು ನೋಡಿದ. ಕನ್ನಡಿಯ ಪಕ್ಕದ ಗೂಡಿನಲ್ಲಿ ಫೋನು ಮಲಗಿತ್ತು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿರುವ ಬಾಜು ಹೊಲದ ಗೌರೀಶನ ಬಲಗಾಲು ಉಳಿಯುತ್ತದೋ ಇಲ್ಲವೋ ಎಂಬುದನ್ನು ಡಾಕ್ಟರರು ಇವತ್ತು ಹೇಳುವವರಿದ್ದರು. ಆ ಕಾಲಿಗೆ ರಕ್ತ ನಿಲ್ಲುವ ಹಾಗೆ ಬಿಗಿದು ಕಟ್ಟಿದ ಕೈ ಈಗ ರೇಜರು ಹಿಡಿದಿತ್ತು. ಕೈ ನಡುಗುತ್ತಿರಲಿಲ್ಲ. ನಡುಗಿದ್ದರೆ ಚೆನ್ನಾಗಿತ್ತು ಎಂದು ಅವನಿಗನ್ನಿಸಿತು; ನಡುಗದ ಕೈಯನ್ನು ಎಷ್ಟೋ ವರ್ಷ ಅಭಿಮಾನದಿಂದ ನೋಡಿದವನು ಈಗ ಅದನ್ನು ಬೇರೆ ಯಾರದೋ ಎಂಬಂತೆ ನೋಡಿದ.

"ಮಸಡಿ ನೋಡ್ಕೋತ ನಿಂತ್ರ ಆತ್ರಿ ನಿಮ್ಮ ಭಾಷಣ. ಸಾಲ್ಯಾಗ ಮಂದಿ ಕಾಯತೈತಿ," ಎಂದಳು ಹೆಂಡತಿ ಸುನಿತಾ. ಸೈನಿಕರ ಧ್ವಜ ದಿನವೆಂದು ಹೈಸ್ಕೂಲಿನಲ್ಲಿ ಅವನಿಗೆ ಸನ್ಮಾನವಿತ್ತು. ಅವಳು ಕೋಟಿಗೆ ಇಸ್ತ್ರಿ ಮಾಡಿ, ಪದಕಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ, ತಾಟಿನಲ್ಲಿ ಸಾಲಾಗಿ ಇಟ್ಟಿದ್ದಳು. "ಇವು ಯಾವ ಲಡಾಯಿದು ಅಂತ ಹೆಣ್ಮಕ್ಕಳು ಕೇಳಿದ್ರ ಏನ್ ಹೇಳ್ಲಿ?"

"ಇದು ಥಂಡಿ ತಡಕೊಂಡಿದ್ದಕ್ಕ. ಇದು ಬಾಳ ವರ್ಷ ಇದ್ದದ್ದಕ್ಕ."

"ಹಂಗ ಹೇಳಿದ್ರ ನಗತಾರ್ರಿ."

"ನಗಲಿ ಬಿಡು."

ನಗುವವರು ಮೊದಲಿನಿಂದಲೂ ನಕ್ಕಿದ್ದರು. ಸೇರಿದ ಹೊಸತರಲ್ಲಿ ರಜೆಗೆ ಬಂದು ಕಟ್ಟೆಯ ಮೇಲೆ ಕೂತಾಗ, ಬಂದೂಕು ಎಲ್ಲಿ, ಎಷ್ಟು ಮಂದಿಯನ್ನು ಕೆಡವಿದಿ ಎಂದು ಕೇಳಿದವರಿಗೆ, ತಾನು ಗಾಯಗೊಂಡವರನ್ನು ಹೊತ್ತು ತಂದು ಉಪಚರಿಸುವ ಫೀಲ್ಡ್ ಆಂಬ್ಯುಲನ್ಸ್ ಎಂಬ ಘಟಕದಲ್ಲಿದ್ದೇನೆ ಎಂದು ಅವನು ಹೆಮ್ಮೆಯಿಂದಲೇ ಹೇಳಿದ್ದ. "ಅಂದ್ರ ಮಿಲಿಟ್ರ್ಯಾಗ ಕಂಪೌಂಡರ್ ಅನ್ನಲೇ," ಎಂದು ಒಬ್ಬ ಅಂದದ್ದೇ ತಡ, ಆ ಹೆಸರು ಬೆನ್ನಿಗೆ ಅಂಟಿಕೊಂಡಿತು. ಕಂಪೌಂಡರ್ ಸಂಗಣ್ಣ. ನಿನ್ನೆ ಕರೆಯಲು ಬಂದ ಪ್ರಭು ಮಾಸ್ತರ ಕೂಡ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಶತ್ರು ಎದುರಿಗೆ ಬಂದದ್ದು, ಗುಂಡು ಹಾರಿದ್ದು, ಹಂಗೇನರ ಇದ್ರ ಹೇಳ್ರಿ ಸರ. ಪಟ್ಟಿ, ಔಷಧ ಅಂದ್ರ ಹುಡುಗರು ಒಂದಕ್ಕ ಅಂತ ಎದ್ದು ಹೋಗ್ತಾವು," ಎಂದಿದ್ದರು. ಹೇಳಬೇಕೆಂದು ಅವನು ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದು ಬೇರೆ. ಲಖನೌದ ತರಬೇತಿಯಲ್ಲಿ ಬದ್ರಿ ಉಸ್ತಾದ ಹೇಳುತ್ತಿದ್ದ ಇತಿಹಾಸ. ಸೈನ್ಯದ ಎದೆ ಎಲ್ಲರೂ ನೋಡುತ್ತಾರೆ, ಬೆನ್ನು ನೋಡುವವರಿಲ್ಲ, ನಾವು ಬೆನ್ನು ಎನ್ನುತ್ತಿದ್ದ ಉಸ್ತಾದ. ಹಿಂದಿನ ಕಾಲದಲ್ಲಿ ಗಾಯಾಳುಗಳನ್ನು ಡೋಲಿಯಲ್ಲಿ ಹೊತ್ತವರು ಸಿಪಾಯಿಗಳ ಲೆಕ್ಕಕ್ಕೇ ಸೇರಿರಲಿಲ್ಲವಂತೆ. ಕಾಲರಾದಲ್ಲಿ ಸತ್ತರೆ ಹಾದಿಯ ಬದಿಗೆ ಮಲಗಿಸಿ ಇನ್ನೊಬ್ಬ ಹೆಗಲು ಕೊಡುತ್ತಿದ್ದನಂತೆ. ಒಂಟೆಯ ಎರಡು ಮಗ್ಗುಲಿಗೆ ಎರಡು ತೊಟ್ಟಿಲು ಕಟ್ಟಿ ಇಬ್ಬರನ್ನು ಸಾಗಿಸುವಾಗ ಒಬ್ಬ ಸತ್ತರೂ ಅವನನ್ನು ಇಳಿಸುತ್ತಿರಲಿಲ್ಲವಂತೆ, ಭಾರ ತಪ್ಪಿದರೆ ಬದುಕಿದವನು ಬೀಳುತ್ತಾನೆಂದು. ಮೊದಲ ಮಹಾಯುದ್ಧದಲ್ಲಿ ಬಸರಾದ ಆಚೆಯ ಮರಳುಗಾಡಿನಲ್ಲಿ ಹೇಸರಗತ್ತೆ ಎಳೆಯುವ, ಸ್ಪ್ರಿಂಗ್ ಇಲ್ಲದ ಕಬ್ಬಿಣದ ಸಾಮಾನಿನ ಗಾಡಿಗಳಲ್ಲಿ ಗಾಯಾಳುಗಳನ್ನು ತಂದರಂತೆ. ಒಂದೊಂದು ಕುಲುಕಿಗೆ ಮುರಿದ ಎಲುಬು ಮತ್ತೊಮ್ಮೆ ಮುರಿಯುತ್ತಿತ್ತು. ಕೆಲವರು ಹೆಣದ ಮೇಲೆ ಮಲಗಿ ಬಂದರು, ಹೆಣ ಮೆತ್ತಗಿರುತ್ತದೆಂದು. ಉಸ್ತಾದ ಇದನ್ನು ಹೇಳುವಾಗ ಗದ್ದಲ ಮಾಡುತ್ತಿದ್ದ ಹುಡುಗರೆಲ್ಲ ಸುಮ್ಮನಾಗುತ್ತಿದ್ದರು. ಆ ಗಾಡಿ ಎಂಥದ್ದಿರಬಹುದು ಎಂದು ಅವನು ಆಗ ಬಹಳ ಸಲ ಕಲ್ಪಿಸಿಕೊಂಡಿದ್ದ. ಈಗ ಕಲ್ಪಿಸಬೇಕಾಗಿರಲಿಲ್ಲ. ಟ್ರ್ಯಾಕ್ಟರಿನ ಟ್ರೇಲರಿಗೂ ಸ್ಪ್ರಿಂಗ್ ಇರುವುದಿಲ್ಲ.

ಗೌರೀಶನ ಕಾಲಿಗೆ ಪೆಟ್ಟಾದ ದಿನದ ಹಿಂದಿನ ರಾತ್ರಿ ಅಕಾಲದ ಮಳೆ ಹೊಡೆದು ನಿಂತಿತ್ತು. ಇನ್ನೊಂದು ಮಳೆ ಬರುವುದರೊಳಗೆ ಗೋವಿನಜೋಳ ಒಕ್ಕಿ ಚೀಲ ತುಂಬಬೇಕೆಂದು ಗೌರೀಶ ತಾಡಪತ್ರಿ ಸರಿಸಿ ಮಷಿನ್ ಹಚ್ಚಿಸಿದ್ದ. ಟ್ರ್ಯಾಕ್ಟರೂ ಮಷಿನ್ನೂ ಇನಾಯತ್‌ನವು. ಸುಗ್ಗಿಯಲ್ಲಿ ಊರೂರು ತಿರುಗಿ ಬಾಡಿಗೆಗೆ ಒಕ್ಕಿಕೊಡುವವನು. ಟ್ರ್ಯಾಕ್ಟರಿನಿಂದ ಮಷಿನ್ನಿಗೆ ಹೋಗುವ ಕಬ್ಬಿಣದ ಶಾಫ್ಟು ಎರಡರ ನಡುವೆ ಮೊಣಕಾಲೆತ್ತರದಲ್ಲಿ ಗರಗರ ತಿರುಗುತ್ತಿತ್ತು. ಸುತ್ತಿ ಹೋಗಬೇಕು, ಅವಸರದವರು ದಾಟುತ್ತಾರೆ. ಗೌರೀಶ ದಾಟಿದ, ಪ್ಯಾಂಟಿನ ಅಂಚು ಸಿಕ್ಕಿತು. ಬಾಜು ಹೊಲದಲ್ಲಿದ್ದ ಸಂಗನಬಸವ ಕೂಗು ಕೇಳಿ ಎರೆಮಣ್ಣಿನಲ್ಲಿ ಕಾಲು ಕೀಳುತ್ತ ಓಡಿ ಬಂದಾಗ ಮೊಣಕಾಲಿನ ಕೆಳಗೆ ಏನೇನು ಎಲ್ಲೆಲ್ಲಿ ಇರಬೇಕೋ ಅಲ್ಲಿ ಇರಲಿಲ್ಲ. ಮುಂದಿನದನ್ನು ಮಾಡಿದ್ದು ಅವನಲ್ಲ, ಕೈಗಳು. ಯಾರದೋ ಹೆಗಲ ಟವೆಲ್ಲು ಎಳೆದು ತೊಡೆಗೆ ಸುತ್ತಿ, ಇನಾಯತ್‌ನ ನಟ್ಟು ಬಿಗಿಯುವ ಪಾನಾ ಒಳಗೆ ತೂರಿಸಿ, ರಕ್ತ ನಿಲ್ಲುವವರೆಗೆ ತಿರುವಿ, ಪಾನಾ ಜಾರದ ಹಾಗೆ ಗಂಟು ಹಾಕಿದವು. ಆಮೇಲೆ ಕೈಗಳು ಗುರುತಿನ ಪೆನ್ಸಿಲನ್ನು ಹುಡುಕಿದವು. ಹೊಲದಲ್ಲಿ ಪೆನ್ಸಿಲೆಲ್ಲಿ. ಶಾಫ್ಟಿನ ಕೀಲಿನಲ್ಲಿ ಕಪ್ಪಗೆ ತುಳುಕುತ್ತಿದ್ದ ಗ್ರೀಸಿನಲ್ಲಿ ತೋರುಬೆರಳು ಅದ್ದಿ, ಗೌರೀಶನ ಬೆವರಿದ ಹಣೆಯ ಮೇಲೆ ಬಿಗಿಕಟ್ಟಿನ ಗುರುತಾದ ಇಂಗ್ಲಿಷಿನ ಟಿ ಅಕ್ಷರ, ಅದರ ಕೆಳಗೆ ಕಟ್ಟಿದ ವೇಳೆ ಬರೆದ. ಹೀಗೆ ಬಿಗಿದ ಕಟ್ಟು ಜೀವ ಉಳಿಸುತ್ತದೆ, ಆದರೆ ಹೊತ್ತು ಮೀರಿದರೆ ಕಾಲನ್ನು ಕೊಲ್ಲುತ್ತದೆ. ಎಷ್ಟು ಹೊತ್ತಾಯಿತು ಎಂಬುದು ಮುಂದಿನವನಿಗೆ ಗೊತ್ತಾಗಬೇಕು. ಕಾಗದ ಹಾರಿ ಹೋಗುತ್ತದೆ, ಅಂಗಿ ಹರಿದು ಬಿಸಾಡುತ್ತಾರೆ, ಹಣೆ ಮಾತ್ರ ಗಾಯಾಳುವಿನ ಜೊತೆಗೇ ಬರುತ್ತದೆ. "ಸ್ಟ್ರೆಚರ್ ಮೇಲೆ ಬಿದ್ದ ಗಳಿಗೆಯಿಂದ ಅವನ ಹಣೆ ಅವನದಲ್ಲ, ಮುಂದಿನ ಡಾಕ್ಟರದ್ದು," ಎನ್ನುತ್ತಿದ್ದ ಉಸ್ತಾದ.

ಸೈನ್ಯದಲ್ಲಿದ್ದಾಗ ಒಮ್ಮೆ, ಗುಡ್ಡದ ಮೇಲಿನಿಂದ ಇಳಿಸಿದ ಒಬ್ಬ ಜವಾನನ ಹಣೆಯನ್ನು ಅವನು ಚಿಮಣಿಯಂಥ ಬೆಳಕಿನಲ್ಲಿ ಓದಿದ್ದ. ಅದೇ ಅಕ್ಷರ, ಕೆಳಗೆ ವೇಳೆ; ಬರೆದ ಕೈ ಅವಸರದ್ದು, ಅಂಕಿಯ ಬಾಲ ಹುಬ್ಬಿನವರೆಗೆ ಇಳಿದಿತ್ತು. ಬರೆದವನ ಮುಖ ಅವನು ಎಂದೂ ನೋಡಲಿಲ್ಲ. ಓದಿ ಕೂಗಿ ಹೇಳಿದ, ಮೇಜರ್ ಸಾಹೇಬರು ಉಳಿದ ಇಬ್ಬರನ್ನು ಬಿಟ್ಟು ಮೊದಲು ಇವನನ್ನು ಒಳಗೆ ಕರೆದೊಯ್ದರು. ಮೇಲಿನ ಯಾವನೋ ಬರೆದದ್ದನ್ನು ಕೆಳಗಿನ ಯಾವನೋ ಓದಿದ. ಡೋಲಿಯವರಿಂದ ಇಲ್ಲಿಯವರೆಗೆ ತನ್ನ ದಳದ ಇತಿಹಾಸವೆಂದರೆ ಇಷ್ಟೇ ಎಂದು ಅವತ್ತು ಅವನಿಗೆ ಅನ್ನಿಸಿತ್ತು, ಒಬ್ಬರ ಮುಖ ಒಬ್ಬರು ನೋಡದ ಕೈಗಳು. ಸಾಬೂನು ಒಣಗಿ ಗಲ್ಲ ಬಿಗಿಯುತ್ತಿತ್ತು. ಅವನು ಅವಸರದಿಂದ ರೇಜರು ಎಳೆದ, ದವಡೆಯ ಕೆಳಗೆ ಸಣ್ಣಗೆ ಗೀರಿತು.

ಬೈಕು ನಿಂತ ಸದ್ದಾಯಿತು. ಇನಾಯತ್ ಅಂಗಳದಲ್ಲಿ ನಿಂತಿದ್ದ. ಮೊಣಕೈ ಮಡಿಕೆಯಲ್ಲಿ ಹತ್ತಿ ಒತ್ತಿ ಅಂಟಿಸಿದ ಪಟ್ಟಿಯಿತ್ತು.

"ದವಾಖಾನ್ಯಾಗಿಂದ ಬಂದ್ಯಾ?"

"ಹೌದ್ರಿ ಕಾಕಾ. ರಕ್ತ ಕೊಟ್ಟ ಬಂದೆ. ನಮ್ಮ ರಕ್ತ ಗೌರೀಶನ ಮೈಯಾಗ ಹೊಕ್ಕೈತಿ, ಇನ್ನ ನಮ್ಮ ಮನ್ಯಾಗ ಬಿರ್ಯಾನಿ ಮಾಡಿದ ದಿವಸ ಅಂವಗ ನಿದ್ದಿ ಹತ್ತಂಗಿಲ್ಲ ನೋಡ್ರಿ." ನಗಲು ನೋಡಿದ, ನಗು ಅರ್ಧಕ್ಕೆ ನಿಂತಿತು. "ಕಾಲಿನ ಬೆರಳ ಕರ್ರಗ ಆಗ್ಯಾವ್ರಿ."

"ಡಾಕ್ಟ್ರ ಏನಂದ್ರು?"

"ಕಾಲ ಮೊದಲ ಜಜ್ಜಿತ್ತು ಅಂತಾನ ಒಬ್ಬಂವ. ಇನ್ನೊಬ್ಬಂವ, ಬಿಗದದ್ದು ಬಾಳ ಹೊತ್ತ ಆತು, ಯಾರೂ ಯಾಕ ಹೇಳಲಿಲ್ಲ ಅಂತಾನ. ಮೊದಲ ಹೋದ ದವಾಖಾನ್ಯಾಗ ಕಾಲಿನ ಡಾಕ್ಟ್ರ ಇದ್ದಿದ್ದಿಲ್ಲ, ಅಲ್ಲೆ ಒಂದಷ್ಟ ಹೊತ್ತ ಹೋತು. ಮ್ಯಾಲ ಚಾದರ ಹೊಚ್ಚಿದ್ರು, ಒಳಗ ಕಟ್ಟಿದ್ದು ಯಾರಿಗೂ ಕಾಣಲಿಲ್ಲಂತ. ಅವರವ್ವ ಸಾವಿತ್ರೆವ್ವ ಕಾಕುಗ ಕೇಳಿದ್ರ ಆಕಿ ಅಳಾಕ ಹತ್ಯಾಳ. ಆಕಿಗೇನ ಗೊತ್ತು."

ಸಂಗನಬಸವ ಟವೆಲ್ಲಿನಿಂದ ದವಡೆ ಒತ್ತಿಕೊಂಡ. ಮೂರು ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದ. "ಇನಾಯತ್, ಡಾಂಬರ ರಸ್ತಾದಾಗ ಆಂಬ್ಯುಲನ್ಸ್ ಬಾಗಲಾ ಹಾಕೂ ಮುಂದ, ಒಳಗಿದ್ದ ಹುಡುಗಗ ನಾ ಟೈಮ್ ಹೇಳಿದ್ನೋ ಇಲ್ಲೋ? ಕಟ್ಟಿದ ಟೈಮು."

ಇನಾಯತ್ ಅವನ ಮುಖವನ್ನೇ ನೋಡಿದ. "ಬಾಯಿ ಆಡಿಸಿದ್ದ ನೋಡೇನ್ರಿ. ಏನಂದ್ರಿ ಅಂತ ಕೇಳಿಸಲಿಲ್ಲ. ಟ್ರ್ಯಾಕ್ಟರ ಚಾಲೂ ಇತ್ತಲ್ರಿ. ಬ್ಯಾಟರಿ ಹೋಗೇತಿ, ಬಂದ್ ಮಾಡಿದ್ರ ಮತ್ತ ಚಾಲೂ ಆಗೂದಿಲ್ಲಂತ ಹಂಗ ಬಿಟ್ಟಿದ್ದೆ."

"ಆ ಹುಡುಗ ತಲಿ ಹಾಕಿದ್ನೇನು?"

"ನೆನಪಿಲ್ರಿ." ಬೈಕಿನ ಕೀಲಿಕೈ ತಿರುವುತ್ತ, ದನಿ ತಗ್ಗಿಸಿ ಅಂದ: "ಹೇಳಿದ್ರಿ ಅಂತ ಬೇಕಂದ್ರ ಹೇಳ್ತೀನ್ರಿ ಕಾಕಾ. ನನ್ನ ಕಿವೀಲೆ ಕೇಳೇನಿ ಅಂತೀನಿ. ನೀವು ಒಂದ ಮಾತ ಹೇಳ್ರಿ, ಶಾಫ್ಟಿನ ಮ್ಯಾಲ ತಗಡ ಮುಚ್ಚಿತ್ತು ಅಂತ."

ಅಂಗಳದ ಕೋಳಿಯೊಂದು ಇಬ್ಬರ ನಡುವೆ ಹಾದು ಹೋಯಿತು. ತಗಡು ಇರಲಿಲ್ಲ. ಎರಡು ಸುಗ್ಗಿ ಹಿಂದೆಯೇ ಬಿಚ್ಚಿಟ್ಟದ್ದು ಇಬ್ಬರಿಗೂ ಗೊತ್ತಿತ್ತು. ಗ್ರೀಸಿನಲ್ಲಿ ಬೆರಳು ಅದ್ದಲು ಸಾಧ್ಯವಾದದ್ದೇ ತಗಡು ಇಲ್ಲದ್ದರಿಂದ. "ಚಾಷ್ಟಿ ಮಾಡಿದೆ, ಬಿಡ್ರಿ," ಎಂದ ಇನಾಯತ್. "ರಾತ್ರಿ ನಿದ್ದಿಲ್ಲ, ತಲಿ ಕೆಟ್ಟೈತಿ." ಹೊರಟುನಿಂತವನು ಗೇಟಿನಲ್ಲಿ ತಿರುಗಿ, "ಹೇಳಿರ್ತೀರಿ ಬಿಡ್ರಿ. ನೀವು ಹೇಳದ ಬಿಡೂ ಪೈಕಿ ಅಲ್ಲ," ಎಂದ. ಆ ಮಾತು ಸಂಗನಬಸವನಿಗೆ ಒಂದು ಗಳಿಗೆ ಹಿತವೆನಿಸಿತು, ಹಿತವೆನಿಸಿದ್ದಕ್ಕೆ ಮೈ ಜುಮ್ಮೆಂದಿತು. ಇನ್ನು ಮುಂದೆ ಇನಾಯತ್ ಎಲ್ಲಾದರೂ ನಾನು ಕೇಳಿದ್ದೇನೆ ಎಂದರೆ ಅದು ಕೇಳಿದ್ದೋ ಕೊಟ್ಟದ್ದೋ ಎಂದು ತಿಳಿಯುವ ಹಾಗಿರಲಿಲ್ಲ. ಇದ್ದ ಒಬ್ಬನೇ ಸಾಕ್ಷಿಯನ್ನು ತಾನೇ ಕೇಳಿ ಕೆಡಿಸಿದಂತಾಯಿತು.

ಕೋಟು ತೊಟ್ಟು, ಪದಕ ಚುಚ್ಚಿಕೊಂಡು ಶಾಲೆಯ ಕಡೆ ನಡೆದ. ಎಡಗಾಲು ಬಲಗಾಲು ಎಂದು ಮನಸ್ಸಿನಲ್ಲಿ ಯಾರೋ ಎಣಿಸಿದಂತಾಗಿ ಹೆಜ್ಜೆ ತಪ್ಪಿಸಿಕೊಂಡು ನಡೆದ. ನಿಜಕ್ಕೂ ಅವನನ್ನು ತಿನ್ನುತ್ತಿದ್ದುದು ಆಂಬ್ಯುಲನ್ಸಿನ ಬಾಗಿಲಲ್ಲ. ಅದಕ್ಕೂ ಮುಂಚಿನದು. ಹೊಲದ ದಾರಿ ಮಳೆಗೆ ಕಲಸಿದ ಹಿಟ್ಟಿನಂತಾಗಿ, ಡಾಂಬರು ರಸ್ತೆಯವರೆಗೆ ನೀವೇ ತನ್ನಿರಿ ಎಂದು ಆಂಬ್ಯುಲನ್ಸಿನವರು ಫೋನಿನಲ್ಲಿ ಅಂದಿದ್ದರು. ಕಾಲು ತಿಂದ ಅದೇ ಟ್ರ್ಯಾಕ್ಟರಿನಿಂದ ಮಷಿನ್ ಬಿಡಿಸಿ ಟ್ರೇಲರು ಹೂಡುವುದಕ್ಕೆ ಹೊತ್ತು ಹಿಡಿಯಿತು. ತೆನೆಯ ಸಿಪ್ಪೆ ಹಾಸಿ ಗೌರೀಶನನ್ನು ಮಲಗಿಸಿದರು. ತಾಯಿ ಸಾವಿತ್ರೆವ್ವ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸಂಗನಬಸವ ಕಾಲಿನ ಕಡೆ ಕೂತು, ಕುಲುಕಿಗೆ ಪಾನಾ ಬಿಚ್ಚದ ಹಾಗೆ ಎರಡೂ ಕೈಯಿಂದ ಒತ್ತಿ ಹಿಡಿದಿದ್ದ. ಹಳ್ಳ ದಾಟುವಾಗ ಸಾವಿತ್ರೆವ್ವ ಮಗನ ಮುಖ ನೋಡಿದಳು. ಮಗನ ಹಣೆಯ ಮೇಲೆ ಕಪ್ಪು. "ಅಯ್ಯ, ಹಣಿ ಮ್ಯಾಲ ಇದೇನ ಮಸಿ," ಎಂದು ತನಗೇ ಅಂದುಕೊಂಡಂತೆ ಅಂದು, ಸೆರಗಿನ ತುದಿಯನ್ನು ನಾಲಗೆಗೆ ತಾಗಿಸಿ ಒದ್ದೆ ಮಾಡಿ ಒರೆಸಿದಳು. ಗ್ರೀಸು ಸುಲಭಕ್ಕೆ ಹೋಗದು. ಬೆವರಿನ ಜೊತೆ ಕಲೆಸಿ, ಮತ್ತೆ ಒರೆಸಿ, ಮತ್ತೆ ಒರೆಸಿ ತೆಗೆದಳು. ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದ ವಿಭೂತಿ ಗಟ್ಟಿಯನ್ನು ಉಜ್ಜಿ, ಮೂರು ಬೆರಳಿನಿಂದ ಹಣೆ ತುಂಬ ಎಳೆದಳು. ಅವನು ನೋಡುತ್ತಿದ್ದ. ಎದುರಿಗೇ, ತೋಳಳತೆಯಲ್ಲಿ ಕೂತು, ಮೊದಲ ಒರೆತದಿಂದ ಮೂರನೆಯ ಗೆರೆಯವರೆಗೆ ನೋಡುತ್ತಿದ್ದ. ಬೇಡವ್ವಾ, ಅದನ್ನು ಅಳಿಸಬೇಡ ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು. ಕೈ ಪಾನಾದ ಮೇಲಿತ್ತು, ಬಾಯಿ ಬಿಡುವಾಗಿತ್ತು. ಅವನ ಅವ್ವನೂ ಜ್ವರ ಬಂದಾಗ ಹೀಗೇ ಎಳೆಯುತ್ತಿದ್ದಳು; ಬೆರಳಿನ ಆ ತಂಪು ನೆನಪಾಯಿತು. ವಿಭೂತಿ ಹಚ್ಚುವ ತಾಯಿಯ ಕೈಯನ್ನು ಹಿಡಿಯುವುದು ಅವನು ಬೆಳೆದ ಮನೆಗಳಲ್ಲಿ ಯಾರೂ ಮಾಡಿದ ಕೆಲಸವಲ್ಲ. ಇರಲಿ, ನಾನೇ ಜೊತೆಗಿದ್ದೇನೆ, ನನ್ನ ಬಾಯಿ ಇದೆಯಲ್ಲ ಎಂದುಕೊಂಡ. ಡಾಂಬರು ರಸ್ತೆಯಲ್ಲಿ ಒಬ್ಬರಿಗೇ ಜಾಗ ಎಂದಾಗ ತಾಯಿ ಹತ್ತಿದಳು, ಬಾಗಿಲು ಮುಚ್ಚಿತು. ಅವನ ಬಾಯಿ ಆಡಿತು. ಟ್ರ್ಯಾಕ್ಟರು ಬಡಬಡ ಬಡಿದುಕೊಳ್ಳುತ್ತಲೇ ಇತ್ತು.

ವೇದಿಕೆಯೆಂದರೆ ಶಾಲೆಯ ಜಗುಲಿಯ ಮೇಲೆ ಬೆಂಚು ಜೋಡಿಸಿ ಹಾಸಿದ ಜಮಖಾನೆ. ಅವನನ್ನು ನಡುವೆ ಕೂರಿಸಿದರು. ಬಲಕ್ಕೆ ಪ್ರಭು ಮಾಸ್ತರ. ಎಡಕ್ಕೆ ಈರಬಸಪ್ಪ, ಶಾಲಾ ಸಮಿತಿಯ ಅಧ್ಯಕ್ಷ, ಗೌರೀಶನ ದೊಡ್ಡಪ್ಪ. ಗೌರೀಶನ ತಂದೆ ತೀರಿಕೊಂಡ ಮೇಲೆ ಆ ಮನೆಗೆ ಇವನೇ ಹಿರಿಯ. "ಇವತ್ತ ನಮ್ಮ ಹುಡುಗ ಜೀವಂತ ಇದ್ದಾನಂದ್ರ ಇವರಿಂದ," ಎಂದು ಈರಬಸಪ್ಪ ಮೈಕಿನಲ್ಲಿ ಹೇಳಿದ. "ಕಂಪೌಂಡರ್, ಕಂಪೌಂಡರ್ ಅಂತಿದ್ವಿ ನಾವು. ಬಂದೂಕ ಹಿಡದಂವ ಇದ್ದಿದ್ರ ಅವತ್ತ ಏನ ಮಾಡ್ತಿದ್ದ, ಗಾಳ್ಯಾಗ ಗುಂಡ ಹಾರಿಸ್ತಿದ್ದ." ಜನ ನಕ್ಕರು, ಚಪ್ಪಾಳೆ ತಟ್ಟಿದರು. ಆ ನಗುವಿನಲ್ಲಿ ಎಷ್ಟೋ ವರ್ಷದ ಹೆಸರು ಕಳಚಿ ಬೀಳಬೇಕಿತ್ತು. ಬೀಳಲಿಲ್ಲ, ಬಿಗಿಯಿತು. ಈರಬಸಪ್ಪ ಶಾಲು ಬಿಚ್ಚಿ ಹಿಡಿದಾಗ ಅವನ ಅಂಗಿಯ ಜೇಬಿನಲ್ಲಿ ಫೋನು ಬಡಿಯಿತು. ಶಾಲನ್ನು ಒಂದು ಕೈಗೆ ತೆಗೆದುಕೊಂಡು ಪಕ್ಕಕ್ಕೆ ತಿರುಗಿ ಕೇಳಿದ. ಹ್ಞೂಂ ಎಂದ. ಮತ್ತೊಮ್ಮೆ ಹ್ಞೂಂ ಎಂದ. ಫೋನು ಜೇಬಿಗಿಟ್ಟು, ಎರಡೂ ಕೈಯಿಂದ ಶಾಲನ್ನು ಸಂಗನಬಸವನ ಹೆಗಲಿಗೆ ಹೊದಿಸುತ್ತ, ಕಿವಿಯ ಹತ್ತಿರ ಬಾಗಿ, "ಕಾಲ ತಗದ್ರಂತ," ಎಂದ. ಆಮೇಲೆ ನೆಟ್ಟಗಾಗಿ ಫೋಟೊಕ್ಕೆ ನಿಂತ.

ಮೈಕು ಸಂಗನಬಸವನ ಕೈಗೆ ಬಂದಿತ್ತು. ಎದುರಿಗೆ ನೆಲದ ಮೇಲೆ ಮಕ್ಕಳು, ಹಿಂದೆ ಗೋಡೆಗೊರಗಿ ಊರವರು, ಕಂಬದ ಪಕ್ಕ ಹೆಂಗಸರು. ಅವರಲ್ಲಿ ನಾಲ್ಕಾರು ಮಂದಿ ಅವತ್ತು ಟ್ರೇಲರಿನ ಹಿಂದೆ ಹಳ್ಳದವರೆಗೆ ಅಳುತ್ತ ಓಡಿ ಬಂದವರು. ಸಾವಿತ್ರೆವ್ವ 'ಮಸಿ' ಒರೆಸಿದ್ದನ್ನು ಕಂಡವರು. ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು, "ಸರ, ನೀವು ಎಷ್ಟ ಮಂದೀನ ಹೊಡದೀರಿ?" ಎಂದಳು. "ಯಾರನ್ನೂ ಇಲ್ಲವ್ವಾ," ಎಂದ ಅವನು, ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಪೂರಾ ನಿಜವೋ ಎಂದು ಸಂದೇಹ ಬಂದು ತಡವರಿಸಿದ. ಡೋಲಿಯವರಿಂದ ಆರಂಭಿಸಿದ. ಒಂಟೆಯ ತೊಟ್ಟಿಲು ಹೇಳಿದ, ಕಬ್ಬಿಣದ ಗಾಡಿ ಹೇಳಿದ. ಮಕ್ಕಳು ಎದ್ದು ಹೋಗಲಿಲ್ಲ; ಗಾಡಿಯ ಕುಲುಕು ಹೇಳುವಾಗ ತನ್ನ ದನಿ ಕುಲುಕುವುದು ಅವನಿಗೇ ಕೇಳಿಸಿತು. ಗಾಯಾಳು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೇಗೆ ದಾಟುತ್ತಾನೆ, ಮೊದಲು ಕಟ್ಟಿದವನು, ಹೊತ್ತವನು, ಗಾಡಿಯವನು, ಡಾಕ್ಟರು. ಇವರೆಲ್ಲ ಒಬ್ಬರನ್ನೊಬ್ಬರು ಬಲ್ಲವರಲ್ಲ, ಅದಕ್ಕೇ ಗಾಯಾಳುವಿನ ಮೈಮೇಲೆ ಒಂದು ಗುರುತು. ಇಲ್ಲಿಗೆ ಬಂದು ಮಾತು ನಿಂತಿತು. ಈಗ ಹೇಳಿಬಿಡಬಹುದಿತ್ತು. ಆ ಗುರುತು ಹಣೆಯ ಮೇಲೆ ಎಂದರೆ ಸಾಕು, ಕಂಬದ ಪಕ್ಕದ ಹೆಂಗಸರಿಗೆ ಉಳಿದದ್ದು ತಾನೇ ತಿಳಿಯುತ್ತಿತ್ತು. ಸಂಜೆಯೊಳಗೆ ಊರಿಗೆ, ನಾಳೆ ಬೆಳಿಗ್ಗೆ ಆಸ್ಪತ್ರೆಯ ವರಾಂಡದಲ್ಲಿ ಕೂತ ಸಾವಿತ್ರೆವ್ವನಿಗೆ. ಕಾಲು ಹೋದದ್ದು ನಿನ್ನ ಬೆರಳಿನಿಂದ ಎಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಎಡಕ್ಕೆ ಈರಬಸಪ್ಪನ ಹಣೆಯಲ್ಲಿ ಮೂರು ಗೆರೆ, ಗೋಡೆಗೊರಗಿದವರ ಹಣೆಗಳಲ್ಲಿ ಮೂರು ಗೆರೆ. ಬಾಯಿ ತೆರೆದೇ ಇತ್ತು, ಡಾಂಬರು ರಸ್ತೆಯಲ್ಲಿ ತೆರೆದ ಹಾಗೆ. "ಒಂದು ಚೀಟಿ ಕಟ್ಟತಾರ," ಎಂದ ಸಂಗನಬಸವ. "ಅಂಗಿ ಗುಂಡಿಗೆ." ಉಸ್ತಾದನ ಇತಿಹಾಸದಿಂದ ಹಣೆಯನ್ನು ತೆಗೆದುಹಾಕಿ, ಮುಂದಿನದನ್ನು ಬೇಗಬೇಗ ಹೇಳಿ ಮುಗಿಸಿ ಕೂತ. ಪ್ರಭು ಮಾಸ್ತರ ಅವನ ತೊಡೆ ತಟ್ಟಿ, "ಛಲೋ ಆತ್ರಿ ಸರ, ಗುಂಡಿಲ್ಲದ ನಡೀತು," ಎಂದರು.

ಉಪ್ಪಿಟ್ಟಿನ ತಟ್ಟೆ ಹಿಡಿದು ಜನರಿಂದ ಸರಿದು ಶಾಲೆಯ ಹಿಂದಿನ ನೀರಿನ ಟಾಕಿಯ ನೆರಳಿಗೆ ಹೋದಾಗ ಫೋನು ಬಂತು. ಸಾವಿತ್ರೆವ್ವ.

"ಅಣ್ಣಾ, ಊಟ ಆತೇನು?"

"ಇನ್ನ ಇಲ್ಲವ್ವಾ. ನಿಂದು?"

"ಹ್ಞೂಂ, ಚಾ ಕುಡದೆ." ಹಿಂದೆ ಯಾವುದೋ ಗಾಡಿಯ ಗಾಲಿ ಕಿರುಗುಟ್ಟಿತು. "ಅಂವಗ ಇನ್ನ ಎಚ್ಚರಿಲ್ಲ. ಎದ್ದ ಮ್ಯಾಲ ನೀವ ಹೇಳ್ರಿ ಅಂದಾರ. ನಾ ಹೆಂಗ ಹೇಳ್ಲಿ."

ಅವನು ಉಪ್ಪಿಟ್ಟಿನ ತಟ್ಟೆಯನ್ನು ಟಾಕಿಯ ಕಟ್ಟೆಯ ಮೇಲೆ ಇಟ್ಟ.

"ನಿನ್ನ ಒಂದ ಮಾತ ಕೇಳೂದಿತ್ತು. ಅವತ್ತ ಇಲ್ಲಿಗೆ ಬಂದ ಕೂಡಲೇ ಒಬ್ಬ ಸಣ್ಣ ಡಾಕ್ಟರ, ಇನ್ನ ಮೀಸಿ ನೆಟ್ಟಗ ಬಂದಿಲ್ಲ, ಚಾದರ ತಗದು ಕಟ್ಟಿದ್ದ ನೋಡಿದ. ನೋಡಿದಂವ ಓಡಿ ಬಂದು ಇಂವನ ಹಣಿ ಮ್ಯಾಲ ಬ್ಯಾಟರಿ ಬೆಳಕ ಬಿಟ್ಟ. ವಿಭೂತಿ ಒರಸಿ ಒರಸಿ ನೋಡಿದ. ಪೆಟ್ಟ ಕಾಲಿಗಾದ್ರ ಹಣಿ ಯಾಕ ನೋಡ್ತಾನಂತ ಅವತ್ತಿಂದ ನನ್ನ ತಲ್ಯಾಗ ಕುಂತೈತಿ. ಅಲ್ಲಿ ನೀ ಏನರ ಬರದಿದ್ದೇನಣ್ಣಾ?" ಎಂದಳು.

ಟಾಕಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ತಾನು ಬರೆದದ್ದನ್ನು ಕೊನೆಗೂ ಒಬ್ಬ ಹುಡುಕಿದ್ದ. ಮುಖ ನೋಡದ ಯಾವನೋ, ಎಲ್ಲಿಯೋ ಅದೇ ಪಾಠ ಕೇಳಿದವನು, ಕಟ್ಟು ಕಂಡ ಕೂಡಲೇ ಹಣೆಗೆ ಓಡಿದ್ದ. ಓದಲು ಕೈ ಬಂದಿತ್ತು, ಬರೆದದ್ದು ಇರಲಿಲ್ಲ.

"ಗ್ರೀಸವ್ವಾ ಅದು," ಎಂದ. "ಪಾನಾ ಹಿಡದ ಕೈ. ಮೈ ತಣ್ಣಗಾಗೇತೇನಂತ ಹಣಿ ಮುಟ್ಟಿ ನೋಡಿದ್ದೆ, ಹತ್ತಿತ್ತು."

"ಬರೇ ಗ್ರೀಸೇನು?"

"ಬರೇ ಗ್ರೀಸು."

ಲೈನು ಕಟ್ಟಾಯಿತೋ ಎಂದು ಅವನು ಫೋನು ಕಿವಿಯಿಂದ ತೆಗೆದು ನೋಡಿದ. ಇತ್ತು. ಮತ್ತೆ ಕಿವಿಗೆ ಹಚ್ಚಿದಾಗ ಅವಳು ಹೇಳುತ್ತಿದ್ದಳು: "...ಗೆರಿ ಕೊರದಂಗ ಇತ್ತಲ್ಲಣ್ಣಾ. ಮ್ಯಾಲ ಅಡ್ಡ ಒಂದು, ಕೆಳಗ ನೆಟ್ಟಗ ಒಂದು."

"ಬೆರಳಿನ ಗುರುತವ್ವಾ," ಎಂದ ಸಂಗನಬಸವ.

"ಹಂಗಾದ್ರ ಆತು," ಎಂದಳು. "ಊಟಾ ಮಾಡು."

ಅವಳು ನಂಬಿದಳೋ, ನಂಬಿದಂತೆ ಮಾಡಿ ಅವನನ್ನು ಬಿಟ್ಟುಕೊಟ್ಟಳೋ, ನನಗೆ ಗೊತ್ತಿಲ್ಲ. ಅವನು ಆ ಸುಳ್ಳು ಹೇಳಿದ್ದು ಅವಳ ಬೆರಳನ್ನು ಉಳಿಸಲಿಕ್ಕೋ, ಟ್ರೇಲರಿನಲ್ಲಿ ಎದುರಿಗೆ ಕೂತು ಸುಮ್ಮನಿದ್ದ ತನ್ನ ಬಾಯಿಯನ್ನು ಉಳಿಸಲಿಕ್ಕೋ, ಅದನ್ನು ಅವನೂ ಬಲ್ಲನೆಂದು ನನಗನ್ನಿಸುವುದಿಲ್ಲ. ಗುರುತು ಉಳಿದಿದ್ದರೆ ಕಾಲು ಉಳಿಯುತ್ತಿತ್ತೇ ಎಂದು ಕೇಳಿದರೆ, ಕಾಲನ್ನು ಕೊಂದದ್ದು ಜಜ್ಜಿದ್ದೋ ಬಿಗಿದದ್ದೋ ಎಂದು ಡಾಕ್ಟರರೇ ಒಮ್ಮತಕ್ಕೆ ಬರಲಿಲ್ಲ. ಆಂಬ್ಯುಲನ್ಸಿನ ಬಾಗಿಲಲ್ಲಿ ಅವನ ಬಾಯಿಂದ ಹೊರಟದ್ದು ಆ ವೇಳೆಯೋ, ಬರೀ ಉಸಿರೋ, ತಿಳಿದುಕೊಳ್ಳಲು ನಾನು ಕೈಲಾದಷ್ಟು ಪ್ರಯತ್ನಪಟ್ಟೆ. ಟ್ರ್ಯಾಕ್ಟರು ಚಾಲೂ ಇತ್ತು ಎಂಬುದಷ್ಟೇ ಸಿಕ್ಕಿತು.